ತಳ ಕಾಣದ ತಪ್ಪಲೆ

ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಅವಳ ಹೆಸರು ಹೇಳುತ್ತಿರಲಿಲ್ಲ. ಸೌಟಿನಕ್ಕ ಅಂದರೆ ಮಾತ್ರ ಬೆರಳು ಮಾಡಿ ತೋರಿಸುತ್ತಿದ್ದರು. ಬೀಗ ರಿಪೇರಿ ಅಂಗಡಿಗೂ ಮುಚ್ಚಿಹೋದ ಬ್ಯಾಂಕಿಗೂ ನಡುವೆ ಒಂದು ಬಾಗಿಲು, ಇಬ್ಬರು ಜೊತೆಯಾಗಿ ನುಗ್ಗಿದರೆ ಭುಜ ತಗಲುವಷ್ಟು ಇಕ್ಕಟ್ಟು. ಒಳಗೆ ಆರು ಮೇಜು. ಮೇಜುಗಳಾಚೆ ಗೋಡೆಯಲ್ಲೊಂದು ಕಿಂಡಿ, ಕಿಂಡಿಯ ಹಿಂದೆ ಅವಳು. ಗಿರಾಕಿಗಳು ಕಂಡದ್ದು ಹೆಚ್ಚಾಗಿ ಅವಳ ಮೊಣಕೈಯಿಂದ ಮುಂದಕ್ಕೆ. ಸೌಟು ಹಿಡಿದ ಕೈ ಹೊರಗೆ ಬರುವುದು, ಬಟ್ಟಲು ತುಂಬುವುದು, ಮತ್ತೆ ಒಳಗೆ ಹೋಗುವುದು. ಮುಖ ನೋಡಬೇಕಾದರೆ ಬಗ್ಗಬೇಕಿತ್ತು. ಹಸಿದು ಬಂದವರು ಯಾರು ಬಗ್ಗುತ್ತಾರೆ?

ಅಲ್ಲಿ ಸಿಗುತ್ತಿದ್ದದ್ದು ಮೂಳೆ ಸೂಪು, ಜೊತೆಗೆ ದಪ್ಪಗೆ ಕೊಯ್ದ ಬ್ರೆಡ್ಡು. ಮೆನು ಕೊಡಿ ಎಂದವರಿಗೆ ಅವಳ ಗಂಡ ಗಲ್ಲಾದಿಂದಲೇ, "ಸೂಪು ಬೇಕಾ, ಬೇಡ್ವಾ? ಇಷ್ಟೇ ಮೆನು" ಅನ್ನುತ್ತಿದ್ದ. ಬಾಯಿಯನ್ನೇ ಬಂಡವಾಳ ಮಾಡಿಕೊಂಡ ಮನುಷ್ಯ. ಹೊಸ ಗಿರಾಕಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಅವನ ಕಥೆ ಶುರುವಾಗಿರುತ್ತಿತ್ತು. "ಕಿಂಡಿ ಹಿಂದೆ ತಾಮ್ರದ ತಪ್ಪಲೆ ಕಾಣ್ತಿದ್ಯಲ್ಲ ಸಾರ್, ಅದನ್ನ ಒಲೆ ಮೇಲಿಟ್ಟಿದ್ದು ನಮ್ಮಪ್ಪ. ಇವತ್ತಿನ ತನಕ ಅದು ತಳ ಕಂಡಿಲ್ಲ. ಖಾಲಿ ಆಗೋಕೆ ಮುಂಚೆ ನೀರು, ಮೂಳೆ ಬೀಳ್ತಾನೇ ಇರುತ್ತೆ. ಈಗ ನೀವು ಕುಡೀತೀರಲ್ಲ, ಅದ್ರಲ್ಲಿ ನಮ್ಮಪ್ಪ ಕುದಿಸಿದ ಸೂಪೂ ಇದೆ." ಹೇಳಿದ್ದು ಸಾಲದು ಎಂದು ಕಿಂಡಿಯ ಮೇಲೆ ಬೋರ್ಡೂ ಬರೆಸಿದ್ದ. ನೀಲಿಯ ಮೇಲೆ ಬಿಳಿ ಅಕ್ಷರ: ತಳ ಕಾಣದ ತಪ್ಪಲೆ.

ಈ ಮಾತನ್ನು ಮನಸಾರೆ ನಂಬಿದವನು ಊರಿಗೆಲ್ಲ ಅವನೊಬ್ಬನೇ. ಗಿರಾಕಿಗಳು ಅರ್ಧ ನಂಬಿ, ಅರ್ಧ ನಕ್ಕು, ಸೂಪು ಕುಡಿದು ಎದ್ದು ಹೋಗುತ್ತಿದ್ದರು. ಸೌಟಿನಕ್ಕನಿಗೆ ನಿಜ ಗೊತ್ತಿತ್ತು. ದಿನಾ ಬೆಳಿಗ್ಗೆ ಆ ತಪ್ಪಲೆಯ ತಳವನ್ನು ತಿಕ್ಕಿ ತೊಳೆಯುತ್ತಿದ್ದವಳೇ ಅವಳು.

ಮದುವೆಯಾಗಿ ಬಂದ ಹೊಸತರಲ್ಲಿ ಅವಳೂ ಗಂಡನ ಕಥೆಯನ್ನು ನಂಬಿದ್ದಳು. ಮಾವ ಆಗಲೇ ತೀರಿಹೋಗಿದ್ದರು. ಒಂದು ಬೆಳಗ್ಗೆ ಗಂಡ ಬ್ರೆಡ್ಡು ತರಲು ಬೇಕರಿಗೆ ಹೋದ ಮೇಲೆ ಅತ್ತೆ ಅವಳನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದರು. ತಪ್ಪಲೆ ಬೋರಲು ಬಿದ್ದಿತ್ತು. ಅದರ ತಳಕ್ಕೆ ಅಂಗೈಯಗಲದ ಒಂದು ತೇಪೆ. ಅವಳು ಬಾಯಿಬಿಟ್ಟು ನಿಂತಳು.

"ಏನೇ ಹಾಗೆ ನೋಡ್ತೀಯಾ? ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸ್ದೆ ಇದ್ರೆ ಊರಿಗೆಲ್ಲ ವಿಷ ಬಡಿಸಿದ ಹಾಗೆ. ಖಾಲಿ ಮಾಡ್ದೆ ಕಲಾಯಿ ಹೆಂಗೆ ಹಾಕ್ಸೋದು?" ಅಂದರು ಅತ್ತೆ. "ನಾನು ದಿನಾ ತೊಳೀತೀನಿ. ನನ್ನ ಮಗಳಿಗೆ ಗೊತ್ತು. ಇನ್ನು ನಿನಗೆ ಗೊತ್ತಾಯ್ತು. ಅವನಿಗೆ ಹೇಳ್ಬೇಡ."

ಆ ಮೇಲೆ ಒಂದು ಸಣ್ಣ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಹಿಂದಿನ ದಿನದ ಸೂಪು, ಒಂದೇ ಒಂದು ಸೌಟು. ಹೊಸ ಸೂಪು ಕುದಿ ಬಂದಾಗ ಅದನ್ನು ಮೊದಲು ಹಾಕಬೇಕು. ಸಂಜೆ ತಪ್ಪಲೆ ಖಾಲಿ ಮಾಡುವ ಮುಂಚೆ ಮತ್ತೆ ಒಂದು ಸೌಟು ತೆಗೆದಿಡಬೇಕು.

"ಇದ್ಯಾಕತ್ತೆ? ಹಾಲಿಗೆ ಹೆಪ್ಪು ಹಾಕೋದು ಕೇಳಿದೀನಿ. ಸೂಪಿಗೂ ಹೆಪ್ಪಾ?"

ಅತ್ತೆ ನಕ್ಕರು, ಆದರೆ ಆ ನಗೆ ಬಹಳ ಹೊತ್ತು ನಿಲ್ಲಲಿಲ್ಲ. ಗಂಡ ಸತ್ತಾಗ ಮಗ ಇನ್ನೂ ಚಿಕ್ಕವನಂತೆ. ಊಟ ಬಿಟ್ಟು, ಮಾತು ಬಿಟ್ಟು, ಅಪ್ಪನ ಚಪ್ಪಲಿ ಹಿಡಿದುಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂತುಬಿಟ್ಟನಂತೆ. ಅಪ್ಪ ಗಿರಾಕಿಗಳಿಗೆ ತಮಾಷೆಗೆ ಹೇಳುತ್ತಿದ್ದ ತಳ ಕಾಣದ ತಪ್ಪಲೆಯ ಮಾತು ತಾಯಿಗೆ ಆಗ ನೆನಪಾಯಿತು. "ಅಪ್ಪ ಕುದಿಸಿದ್ದು ಇನ್ನೂ ಇದರಲ್ಲೇ ಇದೆ ಕಣೋ, ಕುಡಿ" ಎಂದು ಒಂದು ಬಟ್ಟಲು ಕೊಟ್ಟರು. ಮಗ ಕುಡಿದ. ಕುಡಿದ ಮೇಲೆ ಅತ್ತ. ಆ ಸಂಜೆ ತಪ್ಪಲೆ ತೊಳೆಯಲು ಕೂತ ತಾಯಿಗೆ ಕೈ ಬರಲಿಲ್ಲ. ಮಗುವಿಗೆ ಹೇಳಿದ ಮಾತು ಸುಳ್ಳಾಗಬಾರದಲ್ಲ ಎಂದು ಒಂದು ಸೌಟು ತೆಗೆದಿಟ್ಟರು. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ ಅಂದರು.

ಅತ್ತೆ ಹೋದ ಮೇಲೆ ಸೌಟಿನಕ್ಕನೂ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಇಲ್ಲ, ಬಸಿರು ಇಳಿದುಹೋದ ಆ ಕೆಟ್ಟ ವಾರದಲ್ಲಿ ಕೂಡ ಇಲ್ಲ. ಆಗ ನಾದಿನಿ ಬಂದು ತಪ್ಪಲೆ ತಿಕ್ಕಿ, ಸೌಟು ತೆಗೆದಿಟ್ಟು ಹೋಗುತ್ತಿದ್ದಳು. ಗಂಡ ಬೇಕರಿಯಿಂದ ಮರಳುವ ಹೊತ್ತಿಗೆ ತಪ್ಪಲೆ ಎಂದಿನಂತೆ ತುಂಬಿ ಕುದಿಯುತ್ತಿರುತ್ತಿತ್ತು. ವಾರದ ರಜೆಯಲ್ಲಿ ಅವನು ಎದ್ದು ಕಾಫಿ ಕೇಳುವುದರೊಳಗೆ ಕಲಾಯಿಯವನು ಬಂದು ಹೋಗಿರುತ್ತಿದ್ದ. "ಒಲೆ ಆರಿಲ್ಲ ತಾನೇ?" ಎಂದು ಅವನು ಕೇಳುವುದು, "ಸಣ್ಣ ಉರಿ ಇದೆ" ಎಂದು ಅವಳು ಅನ್ನುವುದು. ಹೋಟೆಲಿನ ಯಜಮಾನನಿಗೆ ತನ್ನ ಪಾತ್ರೆಯ ತಳ ಗೊತ್ತಿಲ್ಲ ಅಂದರೆ ನಂಬುವುದು ಕಷ್ಟ. ಆದರೆ ಕಿಂಡಿಯ ಹಿಂದೆ ಬಂದು ಒಂದು ತಟ್ಟೆ ತೊಳೆದವನಲ್ಲ ಅವನು, ಹೇಗೆ ಗೊತ್ತಾಗಬೇಕು? ಅವಳಿಗೂ ಅದು ಹೊರೆ ಅನಿಸಲಿಲ್ಲ. ತಂದೆಯ ಮಾತು ಹೇಳುವಾಗ ಅವನ ಧ್ವನಿ ಸ್ವಲ್ಪ ಮೆತ್ತಗಾಗುತ್ತಿತ್ತು. ಕಿಂಡಿಯ ಹಿಂದೆ ನಿಂತು ಅದನ್ನು ಕೇಳುವುದು ಅವಳಿಗೆ ಇಷ್ಟ.

ನಗರದ ಕಚೇರಿಗಳ ಕಾಟ ಮೊದಲಿನಿಂದಲೂ ಇತ್ತು, ಆದರೆ ಅದು ಮಳೆ ಬಿಸಿಲಿನ ಹಾಗೆ ಬಂದು ಹೋಗುವ ಕಾಟ. ಒಬ್ಬ ಬಂದು ಹೊಗೆ ಕೊಳವೆ ಎತ್ತರ ಮಾಡಿಸಿ ಎಂದ, ಮಾಡಿಸಿದರು. ಇನ್ನೊಬ್ಬ ಬಂದು ಇಷ್ಟೆತ್ತರ ಮಾಡ್ಸಿ ಅಂತ ಯಾರು ಅಂದ್ರು, ಗಾಳಿಗೆ ಬಿದ್ರೆ ಯಾರು ಹೊಣೆ ಎಂದ, ಇಳಿಸಿದರು. ಕೈ ತೊಳೆಯುವ ಬೇಸಿನ್ನು ಬಾಗಿಲ ಬಳಿಯಿಂದ ಗೋಡೆಗೆ, ಗೋಡೆಯಿಂದ ಮತ್ತೆ ಬಾಗಿಲ ಬಳಿಗೆ ಬಂತು. ಕಡೆಗೆ ಹೊಸ ನಿಯಮವೊಂದು ಬಂತು: ಅಡುಗೆಮನೆ ಊಟದ ಕೋಣೆಯ ಅರ್ಧದಷ್ಟಾದರೂ ಇರಬೇಕು, ಎರಡು ಬಾಗಿಲಿರಬೇಕು, ಮುಂದೆ ಗಾಡಿ ನಿಲ್ಲಿಸಲು ಜಾಗವಿರಬೇಕು. ಬೀಗದಂಗಡಿಯವನು ಅದನ್ನು ಓದಿ ಹೇಳಿ ಸಮಾಧಾನವನ್ನೂ ಮಾಡಿದ. "ಹಳೇ ಲೈಸೆನ್ಸು ಇರೋರಿಗೆ ಇದೆಲ್ಲ ಇಲ್ಲವಂತೆ. ಆದ್ರೆ ಜೋಪಾನ. ಅದೊಂದ್ಸಲ ರದ್ದಾದ್ರೆ ಹೊಸದು ಸಿಗಲ್ಲ. ಈ ಗೂಡಿಗೆ ಎರಡನೇ ಬಾಗಿಲು ಎಲ್ಲಿಂದ ತರ್ತೀರಾ?" ಅಂದಿನಿಂದ ಗಂಡ ಆ ಲೈಸೆನ್ಸಿಗೆ ಗಾಜು ಹಾಕಿಸಿ ಗಲ್ಲಾದ ಹಿಂದೆ ತೂಗುಹಾಕಿದ.

ಆ ವರ್ಷ ಆರೋಗ್ಯ ಇಲಾಖೆಯಿಂದ ಬಂದವಳು ಹೊಸಬಳು, ಚಿಕ್ಕ ವಯಸ್ಸು. ಬಂದವಳೇ ಬೇಸಿನ್ನಿನಲ್ಲಿ ಕೈ ತೊಳೆದುಕೊಂಡಳು. ಕೊಟ್ಟ ಸೂಪನ್ನು, "ಡ್ಯೂಟಿಲಿ ತಗೊಳಲ್ಲ, ಬೇಜಾರು ಮಾಡ್ಕೋಬೇಡಿ" ಎಂದು ನಯವಾಗಿ ಬೇಡ ಅಂದಳು. ಒಳಗೆ ಬಂದು ಮೂಲೆ ಮೂಲೆ ನೋಡಿ, "ಅಡುಗೆಮನೆ ಚೊಕ್ಕವಾಗಿದೆ ಅಮ್ಮಾ" ಅಂದಳು. ಎಷ್ಟೋ ವರ್ಷಗಳಲ್ಲಿ ಕಚೇರಿಯವರ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ಗಂಡನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಹೊರಡುವಾಗ ಮೇಡಂ ಬೋರ್ಡಿನ ಕಡೆ ತಲೆ ಎತ್ತಿದಳು. "ಇದೇನಿದು? ತಳ ಕಾಣದ್ದು ಅಂದ್ರೆ?"

ಕಿಂಡಿಯ ಹಿಂದೆ ಸೌಟಿನಕ್ಕನ ಕೈ ನಿಂತಿತು. "ರೀ, ಬ್ರೆಡ್ಡು ಮುಗೀತು" ಎಂದು ಕೂಗಿದಳು. ಇದು ಅವರಿಬ್ಬರ ನಡುವಿನ ಹಳೆಯ ಸಂಕೇತ. ಗಿರಾಕಿಯ ಜೊತೆ ಮಾತು ಅತಿಯಾದಾಗ ಅವಳು ಹೀಗೆ ಕೂಗಿದರೆ ಅವನು ಬಾಯಿ ಮುಚ್ಚಿ ಒಳಗೆ ಬರಬೇಕು. ಅವನು ಬರಲಿಲ್ಲ. ಬುಟ್ಟಿಯ ತುಂಬ ಬ್ರೆಡ್ಡು ಕಣ್ಣಿಗೆ ರಾಚುತ್ತಿದ್ದಾಗ ಎಲ್ಲಿ ಬರುತ್ತಾನೆ? ಕಥೆ ಶುರುವಾಯಿತು. ಅಪ್ಪ, ಒಲೆ, ಆರದ ಬೆಂಕಿ, ಅಮ್ಮ ಕಾಪಾಡಿದ್ದು, ಹೆಂಡತಿ ಕಾಪಾಡುತ್ತಿರುವುದು. ಎದುರಿಗೆ ಓದಿದ ಹುಡುಗಿ ಕಣ್ಣರಳಿಸಿ ಕೇಳುತ್ತಿದ್ದಾಳೆ, ಬರೆದುಕೊಳ್ಳುತ್ತಲೂ ಇದ್ದಾಳೆ. ಅವನು ಹಿಂದೆಂದೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

"ಒಂದ್ಸಲಾನೂ ಖಾಲಿ ಮಾಡಿಲ್ವಾ? ಖಂಡಿತಾನಾ?" ಮೇಡಂ ಮತ್ತೆ ಕೇಳಿದಳು. ಈಗ ನೆನೆದರೆ ಅವಳು ಅವನಿಗೊಂದು ದಾರಿ ಬಿಟ್ಟುಕೊಟ್ಟಂತೆಯೇ ಇತ್ತು.

"ನಮ್ಮಪ್ಪನಾಣೆ ಇಲ್ಲ ಮೇಡಂ."

"ಹಾಗಾದ್ರೆ ಇಲ್ಲೊಂದು ಸೈನ್ ಮಾಡಿ."

ಅವನು ಬಾಲ ಎಳೆದು ಅಂದವಾಗಿ ಸೈನ್ ಮಾಡಿದ. ಅವಳು ಹೋದ ಮೇಲೆ ಒಳಗೆ ಬಂದು, "ಕೊನೆಗೂ ಒಬ್ಬರು ನೀಟಾದೋರು ಬಂದ್ರು ನೋಡು. ಮೇಲಿನವರಿಗೆ ನಮ್ಮ ಬಗ್ಗೆ ಬರೀತಾರೆ" ಅಂದ. ಬರೆದದ್ದೇನೋ ನಿಜ. ಲಕೋಟೆ ಬಂದ ದಿನ ಹೋಟೆಲು ತುಂಬಿತ್ತು. ಬಹುಮಾನವೋ ಪ್ರಶಂಸೆಯೋ ಎಂದುಕೊಂಡು ಎಲ್ಲರ ಎದುರಿಗೆ ನಿಂತು ಬಿಡಿಸಿ, ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಲು ಶುರುಮಾಡಿದ. ಎರಡನೇ ಸಾಲಿಗೆ ಧ್ವನಿ ಇಳಿಯಿತು, ಮೂರನೆಯದಕ್ಕೆ ನಿಂತಿತು. ಬೇಯಿಸಿದ ಆಹಾರವನ್ನು ದಿನ ಮೀರಿ ಇಟ್ಟು ಮಾರುತ್ತಿರುವುದಾಗಿ ಮಾಲೀಕರೇ ಒಪ್ಪಿಕೊಂಡಿದ್ದಾರೆ, ಲೈಸೆನ್ಸು ಯಾಕೆ ರದ್ದು ಮಾಡಬಾರದು ಎಂದು ವಿಚಾರಣೆಗೆ ಬಂದು ಹೇಳಿ ಎಂದು ಅದರಲ್ಲಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇವನು ಆಡಿದ್ದೂ ಅಲ್ಲದೆ ಕೆಳಗೆ ಸೈನನ್ನೂ ಹಾಕಿದ್ದ.

ಹೊಲಿಗೆ ಅಂಗಡಿ ಇಟ್ಟಿದ್ದ ನಾದಿನಿ ಸುದ್ದಿ ಕೇಳಿ, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿದ್ದಂತೆ ಓಡಿಬಂದಳು. ಅಣ್ಣ ಹೊರಗಿದ್ದ.

"ಅತ್ತಿಗೆ, ಇದಕ್ಕೆ ಇಷ್ಟು ಯೋಚನೆ ಯಾಕೆ? ದಿನಾ ತೊಳೀತೀನಿ ಅಂತ ಹೇಳಿಬಿಡಿ. ಕಲಾಯಿಯವನ್ನ ಸಾಕ್ಷಿಗೆ ಕರೀರಿ. ಮುಗೀತು."

"ನಿಮ್ಮಣ್ಣ ಪಕ್ಕದಲ್ಲೇ ಕೂತಿರ್ತಾರೆ."

"ಕೂತಿರ್ಲಿ. ತಲೆ ನರೆತಿದೆ, ಇನ್ನೂ ಅಪ್ಪನ ಸೂಪು ಅಂತೆ! ಗೊತ್ತಾದ್ರೆ ಆಕಾಶ ಕಳಚಿ ಬೀಳಲ್ಲ."

"ಬೀಳುತ್ತಮ್ಮಾ" ಅಂದಳು ಸೌಟಿನಕ್ಕ. "ಅವರಿಗೆ ಅಪ್ಪನ್ನ ಎರಡನೇ ಸಲ ಕಳಕೊಂಡ ಹಾಗಾಗುತ್ತೆ."

ನಾದಿನಿ ಟೇಪು ಸುತ್ತಿ ಕೈಯಲ್ಲಿ ಹಿಡಿದಳು. "ಲೈಸೆನ್ಸು ಹೋದ್ರೆ ನೀವಿಬ್ರೂ ಏನು ತಿಂತೀರಾ?" ಎಂದು ಕೇಳಿದಳು. ಬೇರೆ ಕೆಲಸ ಇಬ್ಬರಿಗೂ ಬರುತ್ತಿರಲಿಲ್ಲ, ಕಲಿಯುವ ವಯಸ್ಸೂ ಅಲ್ಲ. ಹೇಳಲೇಬೇಕು ಎಂದು ಸೌಟಿನಕ್ಕ ಗಟ್ಟಿ ಮಾಡಿಕೊಂಡಳು. ಹೇಳುವುದಾದರೆ ಮನೆಯಲ್ಲಿಯೇ ಮೊದಲು ಗಂಡನಿಗೆ ಹೇಳಬೇಕು, ನಾಲ್ಕು ಜನರ ಮುಂದೆ ಅಲ್ಲ.

ಹೇಳಲು ಆಗಲಿಲ್ಲ. ವಿಚಾರಣೆಯ ಬೆಳಗ್ಗೆ ಅವನು ಮದುವೆಗೆ ಹೊಲಿಸಿದ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದ. "ಕುದೀತಾನೇ ಇರೋದು ಹೆಂಗೆ ಕೆಡುತ್ತೆ ಸಾರ್? ನಿಂತ ನೀರು ಕೆಡುತ್ತೆ, ಕುದಿಯೋ ನೀರು ಕೆಡುತ್ತಾ? ನಮ್ಮಪ್ಪ ಹೇಳ್ತಿದ್ದಿದ್ದು ಸುಮ್ನೆ ಅಲ್ಲ ಸಾರ್..." ಕೋಟಿನ ಗುಂಡಿ ಹೊಟ್ಟೆಯ ಮೇಲೆ ಬಿಗಿಯುತ್ತಿತ್ತು. ಅವಳು ಬಾಯಿ ತೆರೆದಳು. "ಏನು?" ಅಂದ ಅವನು. "ಗುಂಡಿ ಬಿಚ್ಚಿ, ಕೂತ್ಕೊಂಡಾಗ ಕಿತ್ತು ಹೋಗುತ್ತೆ" ಅಂದಳು. ಬಸ್ಸಿನಲ್ಲಿ ಹೇಳೋಣ ಎಂದುಕೊಂಡಳು. ಬಸ್ಸಿನಲ್ಲಿ ಅವನು ಪಕ್ಕದ ಸೀಟಿನವನಿಗೆ ಕಥೆ ಹೇಳುತ್ತಿದ್ದ.

ಕಚೇರಿಯ ಕೋಣೆಯಲ್ಲಿ ಕಬ್ಬಿಣದ ಬೀರುಗಳು, ಒಂದು ಉದ್ದ ಮೇಜು, ತಿರುಗಿದಷ್ಟೂ ಕಿರುಗುಟ್ಟುವ ಫ್ಯಾನು. ಮೇಜಿನಾಚೆ ದೊಡ್ಡ ಸಾಹೇಬರು, ಅವರ ಪಕ್ಕ ಮೇಡಂ. ಗಂಡ ಎದ್ದು ನಿಂತು ಭಾಷಣ ಶುರು ಮಾಡಿದ. ಸಾಹೇಬರು ಕೈ ಎತ್ತಿ ತಡೆದರು.

"ಅದೆಲ್ಲ ಬೇಡ. ತಪ್ಪಲೆ ಖಾಲಿ ಮಾಡಲ್ಲ ಅಂತ ಸೈನ್ ಮಾಡಿದೀರಾ. ಹೌದೋ ಅಲ್ವೋ?"

"ಹೌದು ಸಾರ್, ಅದನ್ನೇ ನಾನು..."

ಸಾಹೇಬರು ಪೆನ್ನು ತೆಗೆದುಕೊಂಡರು. ಆಗ ಮೇಡಂ ಸೌಟಿನಕ್ಕನ ಕಡೆ ತಿರುಗಿದಳು. ಅಡುಗೆಮನೆಯಲ್ಲಿ ಅವಳು ಏನನ್ನೋ ಗಮನಿಸಿರಬೇಕು, ತಿಕ್ಕುವ ಬೂದಿಯನ್ನೋ, ತಪ್ಪಲೆಯ ಒಳ ಅಂಚಿನ ಬೆಳ್ಳಗಿನ ಕಲಾಯಿಯನ್ನೋ. "ಅಮ್ಮಾ, ಅಡುಗೆ ಮಾಡೋರು ನೀವು. ನಿಮ್ಮನ್ನ ಕೇಳಿಲ್ಲ ನಾವು. ಆ ಪಾತ್ರೆ ತೊಳೀತೀರಾ?"

ಸೌಟಿನಕ್ಕ ಗಂಡನ ಮುಖ ನೋಡಲಿಲ್ಲ. ಮೇಜಿನ ಅಂಚು ನೋಡಿಕೊಂಡು ಹೇಳಿದಳು. "ದಿನಾ ತೊಳೀತೀನಿ. ಸಂಜೆ ಪೂರ್ತಿ ಖಾಲಿ ಮಾಡ್ತೀನಿ, ಬೆಳಿಗ್ಗೆ ತಿಕ್ಕಿ ಹೊಸ ನೀರು, ಹೊಸ ಮೂಳೆ ಹಾಕ್ತೀನಿ. ಕಲಾಯಿನೂ ಹಾಕಿಸ್ತೀನಿ. ಇವರಿಗೆ ಗೊತ್ತಿಲ್ಲ."

ಸಾಹೇಬರು ಗಂಡನನ್ನು ನೋಡಿದರು, ಅವಳನ್ನು ನೋಡಿದರು, ನಕ್ಕರು. ಒಳ್ಳೆಯ ನಗುವೇ. "ಏನ್ರೀ ಯಜಮಾನ್ರೇ, ಮನೆ ಒಳಗಿನ ಸುದ್ದಿ ಕಚೇರಿಗೆ ಬಂದು ತಿಳ್ಕೊಂಡ್ರಾ? ಆಯ್ತು. ಬೋರ್ಡು ತೆಗೀರಿ, ಜನಕ್ಕೆ ಸುಳ್ಳು ಹೇಳ್ಬೇಡಿ. ಎಚ್ಚರಿಕೆ ಕೊಟ್ಟು ಬಿಡೋಣ" ಎಂದು ಮೇಡಂಗೆ ಸನ್ನೆ ಮಾಡಿದರು. ಮೇಡಂ ಉಸಿರು ಬಿಟ್ಟಳು. ಹೋಟೆಲು ಉಳಿದಿತ್ತು. ಅಲ್ಲಿಗೆ ಎದ್ದು ಕೈಮುಗಿದು ಬಂದಿದ್ದರೆ ಉಳಿದೇ ಇರುತ್ತಿತ್ತು.

ಅವಳು ಆಗ ಗಂಡನ ಮುಖ ನೋಡಿದಳು. ಬೈಯುತ್ತಾನೆ, ಸಿಟ್ಟಾಗುತ್ತಾನೆ ಎಂದುಕೊಂಡಿದ್ದಳು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ತುಟಿ ಸ್ವಲ್ಪ ಬಿಚ್ಚಿಕೊಂಡಿತ್ತು, ಕೋಟಿನ ಗುಂಡಿಯನ್ನು ಬೆರಳಿನಲ್ಲಿ ಹಿಡಿದು ತಿರುಗಿಸುತ್ತಿದ್ದ. ಅಪ್ಪನ ಚಪ್ಪಲಿ ಹಿಡಿದು ಮೂಲೆಯಲ್ಲಿ ಕೂತಿದ್ದ ಹುಡುಗನ ಮಾತನ್ನು ಅತ್ತೆ ಹೇಳಿದ್ದರು. ಇವಳು ಅವನನ್ನು ಈಗ ಕಂಡಳು. ಕಂಡ ಮೇಲೆ ಸುಮ್ಮನಿರಲು ಅವಳಿಂದ ಆಗಲಿಲ್ಲ.

"ಪೂರ್ತಿ ಸುಳ್ಳಲ್ಲ ಸಾರ್" ಅಂದಳು. "ಒಂದು ಸೌಟು ಹಳೇದು ತೆಗೆದಿಟ್ಟಿರ್ತೀನಿ. ಅದನ್ನ ಹೊಸದಕ್ಕೆ ಹಾಕ್ತೀನಿ. ಒಂದು ದಿನಾನೂ ತಪ್ಪಿಸಿಲ್ಲ. ಮೊದಲಿಂದ ಬಂದಿದ್ದು ಇನ್ನೂ ಅದ್ರಲ್ಲಿ ಇದೆ." ಇದನ್ನು ಅವಳು ಸಾಹೇಬರಿಗೆ ಹೇಳಲಿಲ್ಲ. ಬಾಯಿ ಅವರ ಕಡೆ ಇತ್ತು, ಅಷ್ಟೇ.

ಮೇಡಂ ಕಣ್ಣು ಮುಚ್ಚಿಕೊಂಡಳು. ಸಾಹೇಬರ ನಗು ಎಲ್ಲಿ ಹೋಯಿತೋ. "ದಿನಾ ಹಳೇದು ಬೆರೆಸ್ತೀರಾ?"

"ಒಂದೇ ಸೌಟು ಸಾರ್. ಚೆನ್ನಾಗಿ ಕುದಿಸಿ..."

"ಒಂದು ಸೌಟೋ ಒಂದು ಕೊಡವೋ, ನಿಯಮದಲ್ಲಿ ಅಳತೆ ಇಲ್ಲಮ್ಮಾ. ಉಳಿದಿದ್ದನ್ನ ಹೊಸದಕ್ಕೆ ಬೆರೆಸಬಾರದು. ಗೊತ್ತಿಲ್ದೆ ಆದ್ರೆ ಬೇರೆ. ಇಷ್ಟು ವರ್ಷ, ತಿಳಿದೂ ತಿಳಿದೂ..." ಅವರಿಗೂ ಬೇಸರವಾದಂತಿತ್ತು. "ನನ್ನ ಕಿವಿ ಮೇಲೆ ಬಿದ್ದ ಮೇಲೆ ನಾನು ಬಿಡೋಕಾಗಲ್ಲ. ನಾಳೆ ಯಾರಿಗಾದ್ರೂ ಏನಾದ್ರೂ ಆದ್ರೆ ನನ್ನ ಕೇಳ್ತಾರೆ."

ಪೆನ್ನು ಬರೆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ಬಾಯಿಯೊಳಗೆ ಇದ್ದ ತುತ್ತನ್ನು ಅವಳೇ ತೆಗೆದು ಹೊರಗಿಟ್ಟಿದ್ದಳು.

ವಾಪಸು ಬರುವಾಗ ಅವನು ಬಸ್ ಹತ್ತಲಿಲ್ಲ. ಮುಂದೆ ಮುಂದೆ ನಡೆದ, ಅವಳು ಹಿಂದೆ. ಮನೆಯ ಮೆಟ್ಟಿಲ ಹತ್ತಿರ ನಿಂತು ಮೊದಲ ಸಲ ಮಾತಾಡಿದ. "ನಮ್ಮಮ್ಮ ಸಾಯೋ ತನಕ ಕಾಪಾಡ್ಕೊಂಡು ಬಂದಿದ್ದು. ನಿನ್ನ ಕೈಗೆ ಕೊಟ್ಟರು. ನೀನು ತೊಳೆದು ಚೆಲ್ಲಿದೆ." ಒಂದು ಮೆಟ್ಟಿಲು ಹತ್ತಿ ತಿರುಗಿ, "ಸರಿ, ಚೆಲ್ಲಿದೆ. ಆ ಸೌಟಿನ ವಿಷ್ಯ ಬಾಯಿ ಬಿಡದೆ ಇದ್ದಿದ್ರೆ ಹೋಟ್ಲಾದ್ರೂ ಉಳೀತಿತ್ತು. ಎರಡರಲ್ಲಿ ಒಂದಾದ್ರೂ ಬಿಡಬಾರದಿತ್ತಾ?" ಅಂದ.

ನಿಮ್ಮಮ್ಮನೇ ಕಲಿಸಿದ್ದು ಎಂಬ ಮಾತು ಅವಳ ನಾಲಗೆಯ ತುದಿಗೆ ಬಂತು. ಅಪ್ಪನನ್ನು ಕಳೆದುಕೊಂಡದ್ದು ಸಾಲದೆ ಇವತ್ತೇ ಅಮ್ಮನನ್ನೂ ಕಳೆದುಕೊಳ್ಳಲಿ ಎಂದೇ? ಅವಳು ಅದನ್ನು ನುಂಗಿದಳು. ಅಪವಾದ ತನ್ನ ತಲೆಯ ಮೇಲೆ ಕೂತರೆ ಕೂರಲಿ. ಸೌಟಿನ ಮಾತು ಯಾಕೆ ಆಡಿದೆ ಎಂಬುದನ್ನೂ ಹೇಳಲಿಲ್ಲ. ನಿನಗೋಸ್ಕರ ಎಂದು ಬಿಡಿಸಿ ಹೇಳಿದರೆ ಅದು ಲೆಕ್ಕ ಒಪ್ಪಿಸಿದ ಹಾಗೆ. ಅವರ ಸಂಸಾರದಲ್ಲಿ ಆ ರೂಢಿ ಇರಲಿಲ್ಲ.

ಬೀಗ ಮುದ್ರೆ ಹಾಕಲು ಬಂದವರು ಒಳ್ಳೆಯವರೇ. ಸ್ವಂತ ಸಾಮಾನಿದ್ದರೆ ತೆಗೆದುಕೊಳ್ಳಿ ಅಂದರು. ಗಂಡ ತನ್ನ ಕನ್ನಡಕ ತೆಗೆದುಕೊಂಡ, ಗಾಜು ಹಾಕಿದ ಲೈಸೆನ್ಸಿಗೆ ಕೈ ಹಾಕಿದಾಗ ಅದು ಬೇಡ, ನಾವು ಒಯ್ಯಬೇಕು ಅಂದರು. ತಪ್ಪಲೆಯನ್ನೂ ಪುರಾವೆ ಎಂದು ಗಾಡಿಗೆ ಏರಿಸಿದರು. ಇಬ್ಬರು ಹಿಡಿದರೂ ಅದು ಬಾಗಿಲಿಗೆ ಬಡಿದು ಗಂಟೆಯ ಹಾಗೆ ಸದ್ದು ಮಾಡಿತು. ಬೀಗದಂಗಡಿಯವನು ಹೊರಗೆ ಬಂದು ನಿಂತಿದ್ದ. ಜೀವಮಾನವೆಲ್ಲ ಬೀಗ ಬಿಚ್ಚಿದವನಿಗೆ ಈ ಬೀಗದ ಎದುರು ಕೈಕಟ್ಟಿ ನಿಲ್ಲುವುದೇ ಆಯಿತು. ಸೌಟಿನಕ್ಕ ತನ್ನ ಏಪ್ರನ್ನು, ಚಪ್ಪಲಿ, ಒಂದು ಛತ್ರಿ ತೆಗೆದುಕೊಂಡಳು. ಫ್ರಿಜ್ಜಿನಿಂದ ಸಣ್ಣ ಡಬ್ಬಿಯನ್ನು ಏಪ್ರನ್ನಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡದ್ದನ್ನು ಯಾರೂ ನೋಡಲಿಲ್ಲ.

ಮನೆಯಲ್ಲಿ ಅವಳು ಸಣ್ಣ ಪಾತ್ರೆಯಲ್ಲಿ ಇಬ್ಬರಿಗಾಗುವಷ್ಟು ಸೂಪು ಮಾಡುತ್ತಿದ್ದಳು. ಮೂಳೆ ಸಿಕ್ಕರೆ ಮೂಳೆ, ಇಲ್ಲದಿದ್ದರೆ ಈರುಳ್ಳಿ, ಆಲೂಗಡ್ಡೆ. ಡಬ್ಬಿಯ ಸೌಟನ್ನು ಹಾಕುವುದು, ಮತ್ತೊಂದು ಸೌಟು ತೆಗೆದಿಡುವುದು, ಇದನ್ನು ಮಾತ್ರ ಬಿಡಲಿಲ್ಲ. ಅವನು ಕುಡಿದು ಎದ್ದು ಹೋಗುತ್ತಿದ್ದ. ಹೊಸ ಲೈಸೆನ್ಸಿಗೆ ಎಂದು ಕಚೇರಿಯಿಂದ ಕಚೇರಿಗೆ ಅಲೆದ. ಎರಡನೇ ಬಾಗಿಲು ತೋರಿಸಿ ಅಂದರು. ಪಕ್ಕದ ಬ್ಯಾಂಕಿನ ಗೋಡೆ ಒಡೆಯಲು ಬ್ಯಾಂಕಿನವರ ಒಪ್ಪಿಗೆ ಬೇಕು ಅಂದರು, ಆ ಬ್ಯಾಂಕಿನವರು ಯಾವ ಊರಿನಲ್ಲಿದ್ದಾರೋ ಯಾರಿಗೂ ಗೊತ್ತಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ, ಇಲ್ಲಿ ದೇವರು ಯಾವ ಕೋಣೆಯಲ್ಲಿ ಕೂರುತ್ತಾನೆ ಎಂಬುದೇ ತಿಳಿಯಲಿಲ್ಲ. ಕ್ರಮೇಣ ಅವನು ಹೋಗುವುದನ್ನು ಬಿಟ್ಟ. ಹೋಟೆಲಿನ ಎದುರಿನ ಕಟ್ಟೆಯ ಮೇಲೆ ಕೂರತೊಡಗಿದ. ಹಳೆಯ ಗಿರಾಕಿಗಳು ಬಂದು, "ಯಾವಾಗ ತೆಗೀತೀರಾ ಯಜಮಾನ್ರೇ?" ಎಂದರೆ ನಗುತ್ತಿದ್ದ, ಮಾತಾಡುತ್ತಿರಲಿಲ್ಲ. ಬಾಯಿಯೇ ಬಂಡವಾಳವಾಗಿದ್ದವನು. ನಾದಿನಿ ಬಟನ್ನು ಹಾಕುವ ಕೆಲಸ ಕಳಿಸುತ್ತಿದ್ದಳು, ಸೌಟಿನಕ್ಕ ಕಿಟಕಿಯ ಬಳಿ ಕೂತು ಹಾಕುತ್ತಿದ್ದಳು. ಸೌಟು ಹಿಡಿದ ಕೈಗೆ ಸೂಜಿ ಒಗ್ಗಲಿಲ್ಲ, ಬೆರಳ ತುದಿಗಳೆಲ್ಲ ಚುಚ್ಚಿಹೋದವು.

ತಪ್ಪಲೆಯನ್ನು ಬಂದು ಒಯ್ಯಿರಿ ಎಂದು ಕಚೇರಿಯಿಂದ ಹೇಳಿಕಳಿಸಿದಾಗ ಬೇಸಿಗೆ ಬಂದಿತ್ತು. ಅವನು ಅದನ್ನು ಮನೆಗೆ ತರಲು ಒಪ್ಪಲಿಲ್ಲ, ಕೈಗಾಡಿಯಲ್ಲಿ ನೇರವಾಗಿ ಪಾತ್ರೆ ಅಂಗಡಿಗೆ ಹೊಡೆಸಿದ. "ಬೇಡ್ರಿ, ಇರ್ಲಿ, ಮೂಲೇಲಿ ಬಿದ್ದಿರುತ್ತೆ" ಎಂದು ಅವಳು ಗಾಡಿಯ ಹಿಂದೆಯೇ ಬಂದಳು. ಅವಳ ಭಯ ಬೇರೆ ಇತ್ತು. ಅವನು ಅದನ್ನು ಬೋರಲು ಹಾಕಿ ತಳದ ಹಳೆಯ ತೇಪೆ ನೋಡಿರಲಿಲ್ಲ.

ಪಾತ್ರೆ ಅಂಗಡಿಯವನು ವಯಸ್ಸಾದವನು, ಕಸುಬು ತಂದೆಯಿಂದ ಬಂದದ್ದು. ತಪ್ಪಲೆಯನ್ನು ಉರುಳಿಸಿ ತಳ ಮೇಲೆ ಮಾಡಿ ನೋಡಿದ. ತೇಪೆಯ ಮೇಲೆ ಹೆಬ್ಬೆರಳು ಆಡಿಸಿ ಅಲ್ಲೇ ನಿಂತ.

"ಇದು ನಮ್ಮಪ್ಪನ ಕೈ! ಸುತ್ತಲೂ ಈ ಸುತ್ತಿಗೆ ಏಟು ನೋಡಿ, ಹೀಗೆ ಅವರೊಬ್ಬರೇ ಹೊಡೀತಿದ್ದಿದ್ದು."

"ಯಾವಾಗ ಹಾಕಿದ್ದು?" ಗಂಡ ಸಣ್ಣ ದನಿಯಲ್ಲಿ ಕೇಳಿದ.

"ಯಾವಾಗ ಅಂದ್ರೆ? ನಮ್ಮಪ್ಪ ತೀರ್ಕೊಂಡಾಗ ನಿಮಗಿನ್ನೂ ಮದುವೆ ಇಲ್ಲ. ನಿಮ್ಮಪ್ಪ ಹೋದ ಮೇಲೆ ನಿಮ್ಮಮ್ಮನೇ ತಂದಿರ್ಬೇಕು. ಬೇರೆ ಯಾರು ತರ್ತಾರೆ?" ಅಂಗಡಿಯವನು ಬಗ್ಗಿ ಒಳಗೂ ನೋಡಿದ. "ಒಳ್ಳೆ ಕೈಗಳಲ್ಲಿ ಇದ್ದ ಪಾತ್ರೆ. ಇಷ್ಟು ತಿಕ್ಕಿ ತೊಳೆದದ್ದು ಈಗ ಎಲ್ಲಿ ಸಿಗುತ್ತೆ."

ಅವನು ತೇಪೆಯನ್ನು ಮುಟ್ಟಲಿಲ್ಲ. ಕೊಟ್ಟಷ್ಟು ತೆಗೆದುಕೊಂಡು, ಎಣಿಸದೆ ಜೇಬಿಗೆ ಹಾಕಿ ಹೊರಟ. ಮನೆಗೆ ಬಂದು ಅಡುಗೆ ಕೋಣೆಯ ಸ್ಟೂಲಿನ ಮೇಲೆ ಕೂತ. ಅವಳು ಮಧ್ಯಾಹ್ನದ ಸೂಪು ಬಿಸಿ ಮಾಡಿ ಮುಂದಿಟ್ಟಳು. ಅವನು ಅದನ್ನು ನೋಡುತ್ತಾ ಕೇಳಿದ.

"ಅಮ್ಮನೂನಾ?"

"ಹೂಂ."

"ತಂಗಿಗೂ ಗೊತ್ತಿತ್ತಾ?"

"ಹೂಂ."

"ಕಲಾಯಿಯವನಿಗೂ. ಪಾತ್ರೆ ಅಂಗಡಿಯವನ ಅಪ್ಪನಿಗೂ." ಅವನು ತಲೆಯಾಡಿಸಿದ. "ನಾನೊಬ್ಬನೇ ಹುಚ್ಚನ ಹಾಗೆ ಬಂದೋರಿಗೆಲ್ಲ ಹೇಳ್ತಾ ಕೂತಿದ್ದೆ. ನೀವೆಲ್ಲ ಒಳಗೆ ನಿಂತು ಕೇಳ್ತಿದ್ರಿ."

ನಗಲಿಕ್ಕೆ ಕೇಳುತ್ತಿರಲಿಲ್ಲ ಎಂದು ಹೇಗೆ ಹೇಳುವುದು? ಉಳಿದಿದ್ದದ್ದು ಒಂದೇ ಮಾತು. ಆ ಒಂದು ಮಾತನ್ನು ಅವಳು ಆಡಿದಳು. "ಸೌಟು ಮಾತ್ರ ನಿಜ ರೀ. ನಿಮ್ಮಪ್ಪ ಹೋದ ದಿನಗಳಲ್ಲಿ ಅಮ್ಮ ನಿಮಗೋಸ್ಕರ ಶುರು ಮಾಡಿದ್ದು. ಬೀಗ ಹಾಕೋ ದಿನ ಡಬ್ಬೀಲಿ ತಂದಿದೀನಿ. ದಿನಾ ಹಾಕ್ತಿದೀನಿ. ಈ ಪಾತ್ರೇಲಿ ಈಗಲೂ ಇದೆ."

ಅವನು ಒಲೆಯ ಮೇಲಿನ ಪಾತ್ರೆಯನ್ನು ಬಹಳ ಹೊತ್ತು ನೋಡಿದ. ಮುಖ ಸಡಿಲವಾಯಿತು, ಒಂದು ಕ್ಷಣ ಅವಳಿಗೆ ಆಸೆ ಹುಟ್ಟಿತು. ಅವನು ಎದ್ದು ಬಟ್ಟೆ ಸುತ್ತಿ ಪಾತ್ರೆ ಎತ್ತಿಕೊಂಡ. ಬಚ್ಚಲ ಬಳಿ ಹೋಗಿ, ಆತುರವಿಲ್ಲದೆ, ಪೂರ್ತಿ ಚೆಲ್ಲಿದ. ತನ್ನ ಬಟ್ಟಲಿನದನ್ನೂ ಚೆಲ್ಲಿದ. ಡಬ್ಬಿಯ ಮುಚ್ಚಳ ತೆಗೆದು ನೋಡಿದ, ಅದು ಖಾಲಿಯಿತ್ತು, ಒಳಗಿದ್ದದ್ದು ಆಗಲೇ ಸೂಪಿಗೆ ಬಿದ್ದಿತ್ತು.

"ಸಾಹೇಬರು ಹೇಳಿದ್ದೇ ಸರಿ" ಅಂದ. "ಹಳೇದು ಬೆರೆಸಬಾರದು."

ಆಮೇಲೆ ನಲ್ಲಿ ತಿರುಗಿಸಿ, ನಾರು ತೆಗೆದುಕೊಂಡು ಪಾತ್ರೆ ತಿಕ್ಕತೊಡಗಿದ. ಜೀವಮಾನದಲ್ಲಿ ಮೊದಲ ಸಲ. ತೋಳು ಮಡಿಸಿಕೊಳ್ಳುವುದೂ ತಿಳಿಯದೆ ಅಂಗಿಯ ಕೈಯೆಲ್ಲ ನೆನೆಯಿತು. ಭುಜ ಅಲುಗುತ್ತಿದ್ದದ್ದು ತಿಕ್ಕುವುದಕ್ಕೋ ಅಳುವಿಗೋ ಹಿಂದೆ ನಿಂತವಳಿಗೆ ಗೊತ್ತಾಗಲಿಲ್ಲ. ತಡೆಯಬೇಕೆಂದು ಕೈ ಮುಂದೆ ಬಂತು, ಹಾಗೇ ನಿಂತಿತು. ಅವನು ಪಾತ್ರೆ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದ.

"ಹಿಡಿ ಹತ್ರ ಸೋಪು ಹಾಗೇ ಇದೆ" ಅಂದಳು ಅವಳು. "ಇನ್ನೊಂದ್ಸಲ ನೀರು ಹಾಕಿ."

ಅವನು ಹಾಕಿದ.